ಘನಕ್ಕೆ ಘನ ಕೂಡಿದರೆ ದ್ರವವಾಗುವುದೇಕೆ?

ಅಮೃತಧಾರೆಯೆಂಬ ಮನೆಮದ್ದಿನ ಸೀಸೆ ನಮ್ಮ ಸೋನ್ಯಾಳದ ಹಿರಿಯರಿಗೆ ಹೊಸದಲ್ಲ. ಪುದೀನಾ ಹೂವು, ಅಜವಾನದ ಹೂವು, ಕರ್ಪೂರ ಈ ಮೂರನ್ನೂ ಸೀಸೆಯಲ್ಲಿ ಹಾಕಿ ಬಿರಡೆ ಬಿಗಿದು ಅಲುಗಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಎಣ್ಣೆಯಂತಾಗುತ್ತದೆ. ನೀರು ಹಾಕಿಲ್ಲ, ಬೆಂಕಿ ತೋರಿಸಿಲ್ಲ. (ಕರ್ಪೂರ ಎಳೆಯ ಮಕ್ಕಳಿಗೆ ವಿಷವಾದೀತು, ಪಾಲಕರು ಸೀಸೆಯನ್ನು ಅವರ ಕೈಗೆ ಸಿಗದಂತೆ ಇಡಬೇಕು.)

ರಸಾಯನಶಾಸ್ತ್ರದಲ್ಲಿ ಪುದೀನಾ ಹೂವಿಗೆ ಮೆಂಥಾಲ್ ಎಂದೂ ಅಜವಾನದ ಹೂವಿಗೆ ಥೈಮಾಲ್ ಎಂದೂ ಹೆಸರು. ಮೊದಲನೆಯದು ಸುಮಾರು 42 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡನೆಯದು ಸುಮಾರು 50ರಲ್ಲಿ ಕರಗುತ್ತದೆ. ಕರ್ಪೂರಕ್ಕಂತೂ 175ಕ್ಕಿಂತ ಹೆಚ್ಚು ಬೇಕು. ಹೀಗೆ ಬೆರೆತಾಗ ಕರಗುವ ಬಿಂದು ಇಳಿದು, ಎಲ್ಲಕ್ಕಿಂತ ಕೆಳಗೆ ಮುಟ್ಟುವ ಮಿಶ್ರಣಕ್ಕೆ ಫ್ರೆಡರಿಕ್ ಗಥ್ರಿ ಎಂಬ ಇಂಗ್ಲಿಷ್ ವಿಜ್ಞಾನಿ 1884ರಲ್ಲಿ ‘ಯೂಟೆಕ್ಟಿಕ್’ ಎಂದು ಹೆಸರಿಟ್ಟನು. ಸುಲಭವಾಗಿ ಕರಗುವುದು ಎಂದು ಅದರ ಅರ್ಥ. ಕುಲ್ಫಿ ಮಾಡುವವರು ಬರ್ಫಕ್ಕೆ ಉಪ್ಪು ಬೆರೆಸಿದಾಗ ಚಳಿ ಸೊನ್ನೆಗಿಂತ ಕೆಳಗಿಳಿಯುವುದೂ ಇದೇ ಕಾರಣದಿಂದ. ಅಲ್ಲಿಯ ಕೊನೆಯ ಮಿತಿ −21 ಡಿಗ್ರಿ.

ಎಷ್ಟು ಇಳಿಯುತ್ತದೆಂದು ಬೆರೆಸುವ ಮೊದಲೇ ಲೆಕ್ಕ ಹಾಕಬಹುದೇ? ಹಾಕಬಹುದು. ಬೇಕಾದುವು ಎರಡೇ: ಪ್ರತಿಯೊಂದು ವಸ್ತುವಿನ ಕರಗುವ ಬಿಂದು ಮತ್ತು ಒಂದು ಮೋಲ್ ಕರಗಲು ಹಿಡಿಯುವ ಗುಪ್ತೋಷ್ಣ. ಮೆಂಥಾಲಿಗೆ ಗುಪ್ತೋಷ್ಣ ಸುಮಾರು 13,000 ಜೂಲ್, ಥೈಮಾಲಿಗೆ ಸುಮಾರು 20,000. ಕರ್ಪೂರವನ್ನು ಸದ್ಯಕ್ಕೆ ಬದಿಗಿಡೋಣ.

14 ಡಿಗ್ರಿ, ಅಂದರೆ 287 ಕೆಲ್ವಿನ್ ತೆಗೆದುಕೊಳ್ಳೋಣ. ಮೆಂಥಾಲ್ ಕರಗುವುದು 315.5 ಕೆಲ್ವಿನ್ನಿನಲ್ಲಿ. 1/287ರಿಂದ 1/315.5ನ್ನು ಕಳೆದರೆ 0.000315. ಇದನ್ನು 13,000ದಿಂದ ಗುಣಿಸಿ, ಅನಿಲ ಸ್ಥಿರಾಂಕ 8.314ರಿಂದ ಭಾಗಿಸಿದರೆ 0.49. ಸ್ವಾಭಾವಿಕ ಲಾಗರಿದಮ್ಮಿನ ಆಧಾರ ಸಂಖ್ಯೆ 2.718ನ್ನು ಋಣ 0.49ರ ಘಾತಕ್ಕೆ ಏರಿಸಿದರೆ 0.61. ಎಂದರೆ, ಆ ಚಳಿಯಲ್ಲಿ ದ್ರವದ ನೂರು ಅಣುಗಳಲ್ಲಿ 61ರವರೆಗೆ ಮೆಂಥಾಲ್ ಇರಬಹುದು, ಹೆಚ್ಚಾದದ್ದು ಹರಳಾಗುತ್ತದೆ. ಥೈಮಾಲಿಗೆ ಇದೇ ಲೆಕ್ಕ ಮಾಡಿದರೆ 39 ಬರುತ್ತದೆ. 61ಕ್ಕೆ 39 ಕೂಡಿದರೆ ಸರಿಯಾಗಿ ನೂರು! ಇನ್ನೂ ಚಳಿಯಾದರೆ ಮೊತ್ತ ನೂರಕ್ಕಿಂತ ಕಡಿಮೆಯಾಗುತ್ತದೆ, ದ್ರವ ಉಳಿಯಲಾರದು. ಆದ್ದರಿಂದ ಅಂದಾಜಿನ ಯೂಟೆಕ್ಟಿಕ್ 14 ಡಿಗ್ರಿ. 30 ಡಿಗ್ರಿಗೆ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬೇಕು.

ಆದರೆ ಪ್ರಯೋಗದಲ್ಲಿ ಈ ಜೋಡಿ 14ಕ್ಕಿಂತ ಬಹಳ ಕೆಳಗಿನವರೆಗೂ ದ್ರವವಾಗಿಯೇ ಉಳಿಯುತ್ತದೆ. ಲೆಕ್ಕ ತಪ್ಪಿಲ್ಲ. ಅಣುಗಳು ಪರರನ್ನೂ ತಮ್ಮವರಂತೆಯೇ ಕಾಣುತ್ತವೆಂದು ಅದು ಹಿಡಿದಿತ್ತು, ಅಷ್ಟೇ. ಇಲ್ಲಿ ಥೈಮಾಲಿನ ಜಲಜನಕವನ್ನು ಮೆಂಥಾಲಿನ ಆಮ್ಲಜನಕ ಬಲವಾಗಿ ಸೆಳೆಯುತ್ತದೆ; ಸ್ವಂತ ಬಳಗದಲ್ಲಿ ಅವಕ್ಕೆ ಅಷ್ಟು ಗಟ್ಟಿಯಾದ ನಂಟಿಲ್ಲ. ಅಂದಾಜಿಗಿಂತಲೂ ಹೀಗೆ ಕೆಳಗಿಳಿಯುವುದಕ್ಕೇ ‘ಆಳ ಯೂಟೆಕ್ಟಿಕ್’ ಎನ್ನುವುದು ನಮಗೆ ಸರಿಯೆನಿಸುತ್ತದೆ. ಬೆರೆಸಿದೊಡನೆ ಕರಗಿದ್ದಕ್ಕೆಲ್ಲ ಆ ಹೆಸರು ಕೊಡುವವರಿದ್ದಾರೆ. ಲೆಕ್ಕವಿಲ್ಲದೆ ಆಳವನ್ನು ಎಲ್ಲಿಂದ ಅಳೆಯುವುದು?

ಈ ಹೆಸರು ಬಳಕೆಗೆ ಬಂದದ್ದು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಆಬಟ್ ಮತ್ತು ಸಂಗಡಿಗರ ಕೆಲಸದಿಂದ. 2003ರಲ್ಲಿ ಅವರು ಬೆರೆಸಿದ್ದು ನಮ್ಮ ರೈತರು ಹೊಲಕ್ಕೆ ಚೆಲ್ಲುವ ಯೂರಿಯಾವನ್ನೇ. ಜೊತೆಗೆ ಕೋಳಿಯ ಆಹಾರದಲ್ಲಿ ಹಾಕುವ ಕೋಲಿನ್ ಕ್ಲೋರೈಡ್. ಯೂರಿಯಾ 133 ಡಿಗ್ರಿಯಲ್ಲಿ ಕರಗುವುದು, ಕೋಲಿನ್ ಕ್ಲೋರೈಡ್ 302ರಲ್ಲಿ. ಎರಡು ಮೋಲ್ ಯೂರಿಯಾಕ್ಕೆ ಒಂದು ಮೋಲ್ ಕೋಲಿನ್ ಕ್ಲೋರೈಡ್ ಸೇರಿಸಿದಾಗ ಅವರಿಗೆ ಸಿಕ್ಕಿದ್ದು 12 ಡಿಗ್ರಿ. ಬೇಗ ಆವಿಯಾಗದ ಈ ದ್ರಾವಕ ಕೆಲವು ಲೋಹದ ಆಕ್ಸೈಡುಗಳನ್ನೂ ಕರಗಿಸುತ್ತದೆ.

ಇಲ್ಲಿ ಲೆಕ್ಕ ಮಾಡುವವರಿಗೆ ಎರಡು ತೊಡಕು. ಕೋಲಿನ್ ಕ್ಲೋರೈಡ್ ಕರಗುವ ಹೊತ್ತಿಗೇ ಒಡೆದು ಕೆಡುವುದರಿಂದ ಅದರ ಗುಪ್ತೋಷ್ಣವನ್ನು ಸಾಮಾನ್ಯ ರೀತಿಯಲ್ಲಿ ಅಳೆಯಲಾಗದು. ಅದನ್ನೇ ಬೇರೆ ದಾರಿಯಿಂದ ಅಂದಾಜು ಮಾಡಬೇಕಾಗುತ್ತದೆ. ಎರಡನೆಯದು ತೇವ. ತೆರೆದಿಟ್ಟ ಯೂರಿಯಾ ಚೀಲ ಮಳೆಗಾಲದಲ್ಲಿ ಹೇಗೆ ಹಸಿಯಾಗುತ್ತದೆಂದು ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ. ಕೋಲಿನ್ ಕ್ಲೋರೈಡ್ ಅದಕ್ಕಿಂತಲೂ ಹೆಚ್ಚು ನೀರು ಕುಡಿಯುತ್ತದೆ. ಮುಂದೆ ಎರಡನ್ನೂ ಚೆನ್ನಾಗಿ ಒಣಗಿಸಿ ಬೆರೆಸಿದವರಿಗೆ ಕರಗುವ ಬಿಂದು 12 ಅಲ್ಲ, ಸುಮಾರು 25 ಡಿಗ್ರಿ ಎಂದು ಕಂಡುಬಂದಿದೆ.