ಗೋಡೆಯೂ ದ್ರಾಕ್ಷಿಯ ಹಾಗೆ ಒಣಗಲಿ

ತಮ್ಮಾ, ಸಲಿಕೆ ಪಕ್ಕಕ್ಕಿಡು. ತಂಗೀ, ನೀನೂ ಕೂಡು. ನೀರು ಹೊಕ್ಕ ಮನೆ ಬಳಿಯುವುದು ಇದ್ದೇ ಇದೆ, ಅದಕ್ಕೂ ಮೊದಲು ಎರಡು ಮಾತು ಕೇಳಿ.

ನಾವು ಬರದ ನಾಡಿನವರು. ಮಳೆ ಹೋದರೆ ಹೇಗೆ ಬದುಕಬೇಕೆಂದು ನಮ್ಮ ಹಿರಿಯರು ಕಲಿಸಿ ಹೋದರು. ಹೊಳೆ ಪಡಸಾಲೆಗೇ ಬಂದು ಕೂತರೆ ಏನು ಮಾಡಬೇಕೆಂದು ಅವರೂ ಹೇಳಿರಲಿಲ್ಲ. ‘ಡೋಣಿ ಬೆಳೆದರೆ ಓಣೆಲ್ಲ ಜ್ವಾಳ’ ಅಂತ ಗಾದೆ ಕಟ್ಟಿದ ಜನ ನಾವು. ಜತ್ತ ಸೀಮೆಯಿಂದ ಇಳಿದು, ಸಾರವಾಡದ ಸೇತುವೆ ದಾಟಿ, ತಾಳಿಕೋಟೆಯತ್ತ ಹೋಗುವ ಆ ಡೋಣಿ ಹೊಳೆಯ ಪಾತ್ರದಲ್ಲಿ ಹೂಳು ತುಂಬಿದೆ. ನಾಲ್ಕು ದೊಡ್ಡ ಮಳೆ ಬಿದ್ದರೆ ಈಗ ಓಣಿಗೆ ಜೋಳದ ಬದಲು ಕೆಸರೇ ಬರುತ್ತದೆ. ಶಹರದಲ್ಲೂ ನಾಲೆ ಉಕ್ಕಿದರೆ ತಗ್ಗಿನ ಬಡಾವಣೆಗಳದು ಅದೇ ಗತಿ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಆಗಿನ್ನೂ ನಮ್ಮದು ಬಿಜಾಪುರ ಜಿಲ್ಲೆ. ಹೊಳೆಯ ದಂಡೆ ಬಿಡಿ, ಹೊಳೆಯೇ ಕಾಣದ ಊರುಗಳಲ್ಲೂ ಮಣ್ಣಿನ ಮಾಳಿಗೆಗಳು ಕುಸಿದವು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವ ಹೋದವು. ಆಮೇಲೆ ‘ಆಸರೆ’ ಹೆಸರಿನಲ್ಲಿ ಎಷ್ಟೋ ಕಡೆ ಹೊಸ ಮನೆ ಎದ್ದವು. ಹಳೆಯ ಮನೆ ಉಳಿಸಿಕೊಂಡವರಲ್ಲಿ ನಾನೂ ಒಬ್ಬ. ಉಳಿಸಿಕೊಳ್ಳುವ ಅವಸರದಲ್ಲಿ ಅರ್ಧ ಕೆಡಿಸಿದವನೂ ನಾನೇ. ಅದಕ್ಕೇ ಈ ಮಾತು.

ಮಳೆ ನಿಂತು ಬಿಸಿಲು ಬಿತ್ತೆಂದು ಒಳಗೆ ಓಡಬೇಡಿ. ಮಣ್ಣಿನ ಗೋಡೆ ಬೀಳುವುದು ಮಳೆಯಲ್ಲಷ್ಟೇ ಅಲ್ಲ, ಮಳೆ ಹೋಗಿ ಮೂರು-ನಾಲ್ಕು ದಿನಕ್ಕೂ ಬೀಳುತ್ತದೆ. ನಮ್ಮ ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬಿಸಿಲು ಬಿದ್ದ ಮಗ್ಗುಲು ಮೊದಲು ಕುಗ್ಗುತ್ತದೆ, ನೆರಳಿನ ಮಗ್ಗುಲು ಇನ್ನೂ ಉಬ್ಬಿಯೇ ಇರುತ್ತದೆ. ನಡುವೆ ನಿಂತ ಗೋಡೆ ಏನು ಮಾಡೀತು? ಬಿರುಕಿನ ಎರಡೂ ತುದಿಗೆ ಸುಣ್ಣದಿಂದ ಗೀಟು ಎಳೆದು ತಾರೀಖು ಬರೆದಿಡಿ. ಬಿರುಕು ಗೀಟು ದಾಟಿ ಬೆಳೆಯುತ್ತಿದ್ದರೆ ಆ ಕೋಣೆಯಲ್ಲಿ ಮಲಗಬೇಡಿ. ಹೊಟ್ಟೆ ಬಿಟ್ಟ ಗೋಡೆಯ ಹತ್ತಿರ ಮಕ್ಕಳನ್ನು ಬಿಡಬೇಡಿ.

ವಿದ್ಯುತ್ತಿನ ಮೇನ್ ಆಫ್ ಇರಲಿ. ಆದರೆ ನೀರಲ್ಲಿ ನಿಂತು ಅದಕ್ಕೆ ಕೈ ಹಾಕಬೇಡಿ, ಹೆಸ್ಕಾಂನವರಿಂದ ಕಂಬದಲ್ಲೇ ಬಿಡಿಸಿ. ನೀರು ಕುಡಿದ ಸ್ವಿಚ್ಚು, ಮೋಟಾರು ಒಣಗಿದಂತೆ ಕಂಡರೂ ವೈರಿಂಗ್ ಬಲ್ಲವರು ನೋಡುವ ತನಕ ಮುಟ್ಟಬೇಡಿ. ಒಟ್ಟಿದ ಕಟ್ಟಿಗೆ, ತೊಯ್ದ ಹಾಸಿಗೆಯನ್ನು ಮೊದಲು ಕೋಲಿನಿಂದ ಸರಿಸಿ. ಚೇಳಿಗೂ ಹಾವಿಗೂ ಬೆಚ್ಚಗಿನ ಜಾಗ ಬೇಕಾಗಿರುತ್ತದೆ.

ಬಳಿಯುವ ಮುಂಚೆ ಫೋಟೋ ತೆಗೆಯಿರಿ. ನೀರು ನಿಂತ ಗುರುತು, ಬಿದ್ದ ಗೋಡೆ, ಕೆಟ್ಟ ಕಾಳು, ಎಲ್ಲವನ್ನೂ. 2019ರ ಪ್ರವಾಹದ ಹೊತ್ತಿನಲ್ಲಿ ಸರ್ಕಾರ ಮನೆಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಘೋಷಿಸಿತು. ನಿಮ್ಮ ಮನೆಯ ಹಾನಿ ಎಷ್ಟೆಂದು ದಾಖಲಾಗುವುದು ಪಂಚನಾಮೆಯ ದಿನ ಕಣ್ಣಿಗೆ ಏನು ಕಾಣುತ್ತದೆ ಎಂಬುದರ ಮೇಲೆ ನಿಂತಿದೆ. ಮೊದಲೇ ತೊಳೆದು ಸಾರಿಸಿಟ್ಟರೆ ಸಾಕ್ಷಿಯೂ ಹೋಯಿತು. ತೊಯ್ದ ಉತಾರ, ಪಾಸ್‌ಬುಕ್ಕುಗಳನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಒಂದೊಂದೇ ಹಾಳೆ ಬಿಡಿಸಿ ಒಣಗಿಸಿ.

ಪಂಚನಾಮೆಯಾದ ಮೇಲೆ ಕೆಸರು ಎತ್ತುವುದಕ್ಕೆ ತಡ ಮಾಡಬೇಡಿ. ಎರೆ ಮಣ್ಣು ಹಸಿಯಿದ್ದಾಗ ಬೆಣ್ಣೆ, ಒಣಗಿದರೆ ಕಲ್ಲು. ನೆಲದ ಪರಸಿಕಲ್ಲು ತುಳಿದಾಗ ಟೊಳ್ಳು ಸಪ್ಪಳ ಬಂದರೆ ಒಂದನ್ನು ಎಬ್ಬಿಸಿ ನೋಡಿ. ಅಡಿಯ ಮಣ್ಣು ಕೊಚ್ಚಿಹೋಗಿದ್ದರೆ ಎರೆ ತುಂಬಬೇಡಿ, ಗರಸು ತುಂಬಿ ಧಮ್ಮಸ್ಸು ಮಾಡಿಸಿ.

ಹಳೆಯ ಮನೆಯಲ್ಲಿ ಕಾಳು ತುಂಬಿಡುವ ನೆಲಗುಂಡಿ, ಅಂದರೆ ಹಗೇವು, ಇದ್ದರೆ ಈ ಮಾತನ್ನು ಗಂಟು ಹಾಕಿಕೊಳ್ಳಿ. ನೀರು ಹೊಕ್ಕ ಹಗೇವಿನಲ್ಲಿ ಜೋಳ ಕೊಳೆತು ಕೆಟ್ಟ ಗಾಳಿ ತುಂಬಿರುತ್ತದೆ. ಒಬ್ಬ ಇಳಿದು ಬಿದ್ದರೆ ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಬಾಯಿ ತೆರೆದು ದಿನಗಟ್ಟಲೆ ಬಿಡಿ. ಹಿರಿಯರು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಉರಿದ ಮಾತ್ರಕ್ಕೆ ಅದನ್ನೂ ಪೂರ್ತಿ ನಂಬಬೇಡಿ. ಆದಷ್ಟು ಮೇಲಿನಿಂದಲೇ ಬಕೀಟಿನಲ್ಲಿ ಎತ್ತಿ. ಬೂಷ್ಟು ಹಿಡಿದ ಜೋಳ ಮನುಷ್ಯರಿಗೂ ಬೇಡ, ದನಕ್ಕೂ ಬೇಡ. ಹೊಟ್ಟೆ ಉರಿದರೂ ಹುಗಿದುಬಿಡಿ.

ಸಂಪು, ಬಾವಿಗೆ ಹೊಲಸು ನೀರು ಸೇರಿದ್ದರೆ ಬರಿದು ಮಾಡಿ ತಿಕ್ಕಿ, ಹೊಸ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಒಂದು ತಾಸು ಬಿಟ್ಟು ಬಳಸಿ, ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ. ಕಾಲಲ್ಲಿ ಗಾಯವಿದ್ದರೆ ಕೆಸರಿಗಿಳಿಯಬೇಡಿ, ಇಲಿಜ್ವರ ಬರುವ ದಾರಿ ಅದು.

ಇನ್ನು ನಾನು ಮಾಡಿದ ತಪ್ಪು. 2009ರಲ್ಲಿ ನೀರು ಇಳಿದು ಹದಿನೈದು ದಿನಕ್ಕೆ ದೀಪಾವಳಿ ಬಂತು. ಹಬ್ಬದ ಹೊತ್ತಿಗೆ ಮನೆ ಚಂದ ಕಾಣಲೆಂದು ಹಸಿ ಮಣ್ಣಿನ ಗೋಡೆಗೆ ಸಿಮೆಂಟು ಗಿಲಾಯಿ ಮಾಡಿಸಿದೆ, ಮೇಲೆ ಆಯಿಲ್ ಪೇಂಟು. ಹಬ್ಬಕ್ಕೆ ಬಂದವರೆಲ್ಲ ಹೊಗಳಿದರು. ಎರಡು ವರ್ಷಕ್ಕೆ ಗಿಲಾಯಿ ಹಪ್ಪಳದಂತೆ ಎದ್ದಿತು. ತಟ್ಟಿದರೆ ಒಳಗೆ ಮಣ್ಣು ಹಿಟ್ಟಾಗಿ ಉದುರಿತು. ಡೋಣಿ ಸೀಮೆಯ ನೀರೂ ಮಣ್ಣೂ ಸವಳು. ಗೋಡೆ ಕುಡಿದ ನೀರು ಹೊರಬರುವಾಗ ಉಪ್ಪನ್ನೂ ತರುತ್ತದೆ. ಸಿಮೆಂಟು ದಾರಿ ಕಟ್ಟಿದರೆ ಆ ಉಪ್ಪು ಒಳಗೇ ಹರಳುಗಟ್ಟಿ ಗೋಡೆಯನ್ನೇ ತಿನ್ನುತ್ತದೆ.

ತಿಕೋಟಾ ಕಡೆಯ ದ್ರಾಕ್ಷಿ ಶೆಡ್ಡು ನೋಡಿದ್ದೀರಲ್ಲ? ಮಣೂಕ ಮಾಡುವವರು ಹಣ್ಣನ್ನು ಉರಿಬಿಸಿಲಿಗೆ ಸುರಿಯುವುದಿಲ್ಲ. ನೆರಳು ಮಾಡಿ, ಬಲೆಯ ಮೇಲೆ ಹರವಿ, ನಾಲ್ಕೂ ಕಡೆ ಗಾಳಿ ಆಡಲು ಬಿಟ್ಟು ಎರಡು ವಾರ ಕಾಯುತ್ತಾರೆ. ಗೋಡೆಗೂ ಅದೇ ಲೆಕ್ಕ, ವಾರದ ಬದಲು ತಿಂಗಳು. ಕಿಟಕಿ, ಬಾಗಿಲು, ಬೆಳಕಿಂಡಿ ತೆರೆದಿಡಿ. ಗೋಡೆಗೆ ಒತ್ತಿದ ಟ್ರಂಕು, ಕಪಾಟು ಸರಿಸಿ. ಮೇಲೆದ್ದ ಬಿಳಿ ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಒಣ ಬ್ರಷ್ಷಿನಿಂದ ಕೆರೆದು ಹೊರಗೆ ಚೆಲ್ಲಿ. ಬೇಸಿಗೆ ಒಂದು ದಾಟಲಿ. ಆಮೇಲೆ ಮಣ್ಣಿನ ಗೋಡೆಗೆ ಮಣ್ಣಿನದೇ ಮೆತ್ತಿಗೆ, ಮೇಲೆ ಸುಣ್ಣ. ಎರಡೂ ಉಸಿರಾಡುವಂಥವು.

ಮಾಳಿಗೆ ಸೋರಿದೆಯೆಂದು ಮೇಲೆ ಮೇಲೆ ಮಣ್ಣು ಪೇರಿಸಬೇಡಿ. ನೆನೆದ ಮಣ್ಣಿನ ಭಾರವೇ ಜಂತಿ ಮುರಿಯುತ್ತದೆ. ಹಳೆಯ ಪದರ ಇಳಿಸಿ, ಜಂತಿಗೆ ಚೂಪು ಮೊಳೆ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅದು ಕೊಳೆತಿದೆ, ಬದಲಿಸಿ. ಆಮೇಲೆ ಗೋಡೆಗೆ ಬೇಡದ ಸವಳು ಮಣ್ಣನ್ನೇ ಮಾಳಿಗೆಗೆ ತೆಳ್ಳಗೆ ಹಾಕಿ, ನೀರು ಹೋಗುವ ದೋಣಿಯತ್ತ ಇಳಿಜಾರು ಕೊಡಿ.

ಈ ಸಲದ ದೀಪಾವಳಿಗೆ ನಿಮ್ಮ ಮನೆ ಬಣ್ಣ ಕಾಣದಿದ್ದರೆ ಯಾರೂ ಆಡಿಕೊಳ್ಳುವುದಿಲ್ಲ. ಆಡಿಕೊಂಡರೆ ನನ್ನ ಮನೆಗೆ ಕಳಿಸಿ, ನನ್ನ ಗೋಡೆ ತೋರಿಸುತ್ತೇನೆ. ಹಸಿ ಗೋಡೆಯ ಮುಂದೆಯೇ ಹಣತೆ ಹಚ್ಚಿ. ಬಣ್ಣ ಮುಂದಿನ ವರ್ಷ ಬಳಿಯೋಣ.