ಸಾಲಿನಲ್ಲಿ ಇಲ್ಲದ ಉತ್ತರ

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಪತಿಯ ಕಂಪನಿ ಕೆಲಸಕ್ಕಾಗಿ ಮಹಾರಾಷ್ಟ್ರದ ತಳೇಗಾಂವ ದಾಭಾಡೆಗೆ ಬಂದಿದ್ದೇವೆ. ಇಲ್ಲಿನ ಶಾಲೆಯೊಂದರಲ್ಲಿ ಆರನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ಸರಾಗವಾಗಿ ಓದುತ್ತಾರೆ. ‘ಇದರಿಂದ ಏನು ಗೊತ್ತಾಯಿತು?’ ಎಂದರೆ ಪಾಠದ ಸಾಲನ್ನೇ ಎತ್ತಿ ಬರೆಯುತ್ತಾರೆ, ಇಲ್ಲವೇ ತಲೆ ತಗ್ಗಿಸುತ್ತಾರೆ. ಇದಕ್ಕಾಗಿ ಮೀಟಿಂಗಿನಲ್ಲಿ ಎಲ್ಲರೆದುರು ಮಾತು ಕೇಳಿದೆ. ನನಗೆ ಕಲಿಸಲು ಬರುವುದೇ ಇಲ್ಲವೇನೋ ಎನಿಸಿ ನಿದ್ದೆ ಹತ್ತುತ್ತಿಲ್ಲ. ಕೆಲಸ ಬಿಡಲೇ?
- ಹೆಸರು ಬೇಡ

ಉತ್ತರ: ಎಲ್ಲರೆದುರು ಕೇಳಿದ ಮಾತು ಬೇಗ ಮರೆಯುವುದಿಲ್ಲ. ತವರಿನಿಂದ ದೂರದಲ್ಲಿದ್ದು, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಯಾರೂ ಇಲ್ಲದಾಗ ಅದು ಇನ್ನಷ್ಟು ಚುಚ್ಚುತ್ತದೆ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ‘ಕಲಿಸಲು ಬರುವುದಿಲ್ಲ’ ಎಂಬುದನ್ನು ಒಪ್ಪಲಾರೆ. ನಿಮ್ಮ ಪತ್ರದಲ್ಲಿ ಅದಕ್ಕೆ ಆಧಾರವೇ ಇಲ್ಲ.

ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಇಳಿಸಿದರೆ ಅಂಕ ಸಿಗುತ್ತದೆ ಎಂದು ಮಕ್ಕಳು ಮೊದಲ ತರಗತಿಯಿಂದಲೂ ಕಲಿತಿದ್ದಾರೆ. ಈಗ ನೀವು ಕೇಳುವ ಉತ್ತರ ಯಾವ ಸಾಲಿನಲ್ಲೂ ಇಲ್ಲ. ಅವರಿಗೆ ದಿಕ್ಕು ತೋಚದಿರುವುದು ಸಹಜ. ಅದೂ ಮನೆಯಲ್ಲಿ ಆಡದ ಭಾಷೆಯಲ್ಲಿ. ಹಾಗೆಂದು ಅವರಿಗೆ ಊಹಿಸಲು ಬಾರದೆಂದಲ್ಲ. ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿ ಕಂಡರೆ ಮನೆಗೆ ನೆಂಟರು ಬಂದಿದ್ದಾರೆಂದು ಯಾವ ಮಗುವಾದರೂ ಹೇಳುತ್ತದೆ. ತರಗತಿಯನ್ನು ಅಲ್ಲಿಂದಲೇ ಶುರುಮಾಡಿ.

ಆಮೇಲೆ ಅವರ ಊರಿನದೇ ಒಂದು ವಿಷಯ ಎತ್ತಿಕೊಳ್ಳಿ. ಸ್ವದೇಶಿ ಚಳವಳಿಯ ಕಾಲದಲ್ಲಿ ಜನರಿಂದ ಒಂದೊಂದು ಪೈಸೆ ಕೂಡಿಸಿದ ‘ಪೈಸಾ ಫಂಡ್’ನಿಂದ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಆರಂಭವಾಯಿತು. ಲೋಕಮಾನ್ಯ ತಿಲಕರ ಬೆಂಬಲ ಅದಕ್ಕಿತ್ತು. ಇಷ್ಟನ್ನೇ ಸರಳ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ‘ಒಂದೇ ಪೈಸೆ ಯಾಕೆ ಕೇಳಿದರು?’ ಎಂದು ಕೇಳಿ. ಬಡವರೂ ಕೊಡಲಿ ಎಂದು ಒಬ್ಬಳು ಹೇಳಬಹುದು. ಆಗ ಶ್ರೀಮಂತರೇ ಇರಲಿಲ್ಲ ಎಂದು ಇನ್ನೊಬ್ಬ. ಯಾರಿಗೂ ತಪ್ಪು ಎನ್ನಬೇಡಿ. ‘ಯಾವ ಸಾಲು ನೋಡಿ ಹಾಗನ್ನಿಸಿತು? ಅದಕ್ಕೆ ನಿನಗೆ ಮೊದಲೇ ಗೊತ್ತಿದ್ದ ಯಾವುದನ್ನು ಸೇರಿಸಿದೆ?’ ಎಂದು ಇಬ್ಬರನ್ನೂ ಕೇಳಿ. ಎರಡನೆಯವನು ಸಾಲು ಹುಡುಕುತ್ತಾನೆ; ಸಿಗದಿದ್ದರೆ ತಾನೇ ಮಾತು ತಿದ್ದಿಕೊಳ್ಳುತ್ತಾನೆ. ನೀವು ಕಲಿಸಬೇಕಾದ ಪಾಠ ಇಡಿಯಾಗಿ ಆ ಹುಡುಕಾಟದಲ್ಲಿದೆ.

ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಉತ್ತರ ಮರಾಠಿಯಲ್ಲಿ ಬಂದರೆ ಬರಲಿ. ಮೊದಲು ಯೋಚನೆ ಹುಟ್ಟಲಿ, ಇಂಗ್ಲಿಷ್ ವಾಕ್ಯವನ್ನು ಆಮೇಲೆ ಎಲ್ಲರೂ ಸೇರಿ ಕಟ್ಟಬಹುದು.

ನೀವು ಓದಿ ಹೇಳಿದಾಗಲೂ, ಮನೆಮಾತಿನಲ್ಲಿ ಕೇಳಿದಾಗಲೂ ಒಂದಿಬ್ಬರಿಗೆ ತೋಚದೇ ಇದ್ದರೆ ಗದರಬೇಡಿ. ಪಾಲಕರೊಡನೆ ಮಾತಾಡಿ, ವಿಶೇಷ ಶಿಕ್ಷಕರಿಗೆ ತೋರಿಸಿ.

ಮುಖ್ಯೋಪಾಧ್ಯಾಯರನ್ನೂ ಒಮ್ಮೆ ನಿಮ್ಮ ತರಗತಿಗೆ ಕರೆಯಿರಿ. ಅವರಿಗೂ ಮಕ್ಕಳ ಬಗ್ಗೆಯೇ ಚಿಂತೆ ಇರಬೇಕು, ಕಂಡರೆ ಅರ್ಥವಾದೀತು. ರಾಜೀನಾಮೆಯ ವಿಚಾರ ದೀಪಾವಳಿ ರಜೆಯವರೆಗೆ ಬದಿಗಿರಲಿ. ಅಷ್ಟರಲ್ಲಿ ನಿದ್ದೆ ಸರಿಹೋಗದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್, 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.