ಬಾಡಿಗೆಯ ಸಲುವಾಗಿ ಮನೆ ಕೊಳ್ಳುವವರಿಗೆ ನಾಲ್ಕು ಪಾಠಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮುಂಬಯಿಯಲ್ಲಿ ಮನೆ ಕಟ್ಟುವ ಯೋಗ ನಮ್ಮಂಥವರಿಗಿಲ್ಲ; ಕಟ್ಟಿದ್ದನ್ನು ಕೊಳ್ಳುವುದೇ ದೊಡ್ಡ ಮಾತು. ಆದರೂ ಇರಲು ಒಂದು ಬಿಡಾರವಾಗಿ ಕೈಯಲ್ಲಿ ನಾಲ್ಕು ಕಾಸು ಉಳಿದವರು ಇನ್ನೊಂದು ಮನೆ ಕೊಂಡು, ಅದನ್ನು ಬಾಡಿಗೆಗೆ ಕೊಟ್ಟು, ಮುಪ್ಪಿನ ಕಾಲಕ್ಕೆ ಆಧಾರ ಮಾಡಿಕೊಳ್ಳಬೇಕೆಂದು ಯೋಚಿಸುತ್ತಾರೆ. ನಿವೃತ್ತಿಯ ಪ್ರಾವಿಡೆಂಟ್ ಫಂಡ್ ಕೈಗೆ ಬಂದವರು, ಊರಿನ ಪಾಲಿನ ಜಮೀನು ಮಾರಿದವರು, ಹೋಟೆಲಿನಲ್ಲಿ ದುಡಿದು ಕೂಡಿಸಿದವರು ವಾಚನಾಲಯಕ್ಕೆ ಬಂದಾಗ ಈ ಮಾತು ಎತ್ತುವುದುಂಟು. ಯೋಚನೆ ಕೆಟ್ಟದ್ದಲ್ಲ. ಆದರೆ ಜೀವಮಾನದ ಗಳಿಕೆಯನ್ನು ಒಂದೇ ಕಡೆ ಇಡುವ ಕೆಲಸವಾದುದರಿಂದ, ಮುಂಗಡ ಕೊಡುವ ಮೊದಲೇ ಕೆಲವು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು.

ಪಾಠ 1: ಮೊದಲು ಲೆಕ್ಕ, ಆಮೇಲೆ ಮನೆ

ನಾವು ಇರುವ ಮನೆಯನ್ನು ಮನಸ್ಸಿಗೆ ಒಪ್ಪಿತೇ ಎಂದು ನೋಡಿ ಕೊಳ್ಳಬಹುದು. ಬಾಡಿಗೆಯ ಮನೆಯನ್ನು ಹಾಗೆ ಕೊಳ್ಳಲಾಗದು. ವರ್ಷದ ಕೊನೆಗೆ ಕೈಗೆ ಎಷ್ಟು ಉಳಿಯುತ್ತದೆ ಎಂಬುದೊಂದೇ ಅದರ ಅಳತೆ. ಗಿರಣಿಯಲ್ಲಿ ಜಮಾ-ಖರ್ಚು ಬರೆಯುವ ಕಾರಕೂನನಿಗೆ ಮೊದಲ ದಿನವೇ ಹೇಳಿಕೊಡುವ ನಿಯಮವೊಂದಿದೆ: ಬಾರದ ಹಣವನ್ನು ಜಮೆಗೆ ಹಿಡಿಯಬಾರದು. ಇಲ್ಲಿಯೂ ಅದೇ ನಿಯಮ.

ಒಂದು ಉದಾಹರಣೆ ನೋಡೋಣ. 50 ಲಕ್ಷ ರೂಪಾಯಿಯ ಚಿಕ್ಕದೊಂದು ಮನೆ ಎಂದು ಇಟ್ಟುಕೊಳ್ಳಿ. ಮುಂಬಯಿ ನಗರದಲ್ಲಿ ಮುದ್ರಾಂಕ ಶುಲ್ಕ ಶೇಕಡಾ 6ರಂತೆ 3 ಲಕ್ಷ (ಹೆಂಗಸರ ಹೆಸರಿನಲ್ಲಿ ಕೊಂಡರೆ ಶೇಕಡಾ 1 ರಿಯಾಯಿತಿ). ನೋಂದಣಿ ಶುಲ್ಕ 30,000. ದಲಾಲಿ 50,000, ಸೊಸೈಟಿಯ ವರ್ಗಾವಣೆ ಶುಲ್ಕ 25,000, ಸುಣ್ಣಬಣ್ಣ ರಿಪೇರಿಗೆ 95,000 ಎಂದು ಹಿಡಿಯಿರಿ. ಒಟ್ಟು 5 ಲಕ್ಷ ಮೇಲುಖರ್ಚಾಯಿತು. ಮನೆ ನಮಗೆ ಬಿದ್ದದ್ದು 50 ಲಕ್ಷಕ್ಕಲ್ಲ, 55 ಲಕ್ಷಕ್ಕೆ.

ಇನ್ನು ಜಮೆ. ತಿಂಗಳಿಗೆ 15,000 ಬಾಡಿಗೆ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಇರುವುದು ಸಹಜವಾದುದರಿಂದ 11 ತಿಂಗಳನ್ನೇ ಹಿಡಿಯಬೇಕು: 1,65,000. ಖರ್ಚು: ನಗರಪಾಲಿಕೆಯ ತೆರಿಗೆ ಸೇರಿ ಸೊಸೈಟಿಗೆ 30,000, ಒಡೆಯರು ಸ್ವತಃ ವಾಸವಿಲ್ಲದ ಮನೆಗೆ ಸೊಸೈಟಿ ಹಾಕುವ ಹೆಚ್ಚಿನ ಶುಲ್ಕ 2,000, ದಲಾಲನಿಗೆ ಒಂದು ತಿಂಗಳ ಬಾಡಿಗೆ 15,000, ರಿಪೇರಿಗೆ 8,000. ಒಟ್ಟು 55,000. ಕೈಗೆ ಉಳಿದದ್ದು 1,10,000. ಅಂದರೆ 55 ಲಕ್ಷಕ್ಕೆ ವರ್ಷಕ್ಕೆ ಶೇಕಡಾ 2 ಮಾತ್ರ. ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ.

ಸಾಲ ಮಾಡಿ ಕೊಂಡರೆ? 35 ಲಕ್ಷದ ಸಾಲಕ್ಕೆ ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 30,400. ಉಳಿದ ಬಾಡಿಗೆಯನ್ನೆಲ್ಲ ಅದಕ್ಕೆ ಹಾಕಿದರೂ ಸಂಬಳದಿಂದ ಪ್ರತಿ ತಿಂಗಳೂ 21,000ಕ್ಕೆ ಮೇಲ್ಪಟ್ಟು ತೆರಬೇಕು. ‘ಬಾಡಿಗೆಯೇ ಕಂತು ಕಟ್ಟುತ್ತದೆ’ ಎಂಬ ದಲಾಲರ ಮಾತನ್ನು ಈ ಲೆಕ್ಕದ ಮುಂದೆ ಇಟ್ಟು ನೋಡಿರಿ.

ಮನೆಯ ಬೆಲೆ ಏರುತ್ತದಲ್ಲ ಎಂದು ಕೇಳುವವರಿದ್ದಾರೆ. ಏರಬಹುದು, ಹಲವರಿಗೆ ಲಾಭವೂ ಆಗಿದೆ. ಆದರೆ ಅದು ಮಾರಿದ ದಿನ ಬರುವ ಹಣ. ಅಲ್ಲಿಯವರೆಗೆ ತಡೆದುಕೊಳ್ಳುವ ಶಕ್ತಿ ಉಳ್ಳವರಿಗೇ ಆ ಲಾಭ. ಆದುದರಿಂದ ಆರು ತಿಂಗಳ ಕಂತಿನಷ್ಟು ಹಣ ಬೇರೆಯಾಗಿ ಇಲ್ಲದವರು ಸಾಲದ ಮನೆಗೆ ಕೈಹಾಕದಿರುವುದು ಲೇಸು.

ಪಾಠ 2: ಗೋಡೆಗಿಂತ ಮೊದಲು ಕಾಗದ

ಹೊಸ ಕಟ್ಟಡವಾದರೆ ‘ಮಹಾರೇರಾ’ದ ನೋಂದಣಿ ಸಂಖ್ಯೆಯನ್ನು ಕೇಳಿರಿ. ಕೇಂದ್ರದ 2016ರ ರೇರಾ ಕಾಯಿದೆಯಂತೆ ಮಹಾರಾಷ್ಟ್ರದಲ್ಲಿ 2017ರ ಮೇ ತಿಂಗಳಿಂದ ಈ ಪ್ರಾಧಿಕಾರ ಕೆಲಸ ಮಾಡುತ್ತಿದೆ. ಅದರ ಜಾಲತಾಣದಲ್ಲಿ ಕಟ್ಟಡ ಮುಗಿಯುವ ತಾರೀಖು, ಮಂಜೂರಾದ ನಕ್ಷೆ, ಕೋರ್ಟಿನ ವ್ಯಾಜ್ಯಗಳು ಎಲ್ಲವನ್ನೂ ಯಾರು ಬೇಕಾದರೂ ನೋಡಬಹುದು. ಈ ಕಾಯಿದೆಯ ನಾಲ್ಕು ಅಂಶಗಳನ್ನು ಬಾಯಿಪಾಠ ಮಾಡಿಕೊಳ್ಳಿರಿ.

ಒಂದು, ಕರಾರು ನೋಂದಣಿಯಾಗುವ ಮುನ್ನ ಬಿಲ್ಡರನು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ಎರಡು, ಮನೆಯ ಅಳತೆಯನ್ನು ಕಾರ್ಪೆಟ್ ಏರಿಯಾದಲ್ಲಿಯೇ, ಎಂದರೆ ಗೋಡೆಗಳ ಒಳಗೆ ನಾವು ನಿಜವಾಗಿ ಬಳಸುವ ನೆಲದ ಲೆಕ್ಕದಲ್ಲಿಯೇ ಹೇಳಬೇಕು. ಮೂರು, ಗಿರಾಕಿಗಳಿಂದ ಬಂದ ಹಣದ ಶೇಕಡಾ 70 ಭಾಗ ಬೇರೆ ಖಾತೆಯಲ್ಲಿದ್ದು, ಆ ಕಟ್ಟಡದ ಕೆಲಸಕ್ಕೂ ಅದರ ನೆಲದ ಬೆಲೆಗೂ ಮಾತ್ರ ವೆಚ್ಚವಾಗಬೇಕು. ನಾಲ್ಕು, ಮನೆ ವಶಕ್ಕೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರನೇ ಸರಿಪಡಿಸಿಕೊಡಬೇಕು.

ಹಳೆಯ ಕಟ್ಟಡವಾದರೆ ಸೊಸೈಟಿಯ ಶೇರು ಪತ್ರ, ಮೊದಲಿನಿಂದ ಇಲ್ಲಿಯವರೆಗಿನ ಎಲ್ಲ ಕ್ರಯದ ಕರಾರುಗಳು, ನಗರಪಾಲಿಕೆಯ ವಾಸಯೋಗ್ಯತೆಯ ಪತ್ರ, ಸೊಸೈಟಿಯ ಬಾಕಿ ಇಲ್ಲವೆಂಬ ಪತ್ರ, ಮನೆಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಪತ್ರ, ಇವಿಷ್ಟನ್ನು ವಕೀಲರಿಗೆ ತೋರಿಸಿರಿ. ವಕೀಲರ ಫೀ ಉಳಿಸಲು ಹೋಗಿ ಮನೆ ಕಳೆದುಕೊಳ್ಳಬಾರದು. ಬೆಲೆ 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ, ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡಾ 1ನ್ನು ಮುರಿದುಕೊಂಡು ಆದಾಯ ತೆರಿಗೆಯೆಂದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು ಎಂಬುದನ್ನೂ ಮರೆಯಬಾರದು.

ಗಿರಗಾಂವ, ಪರಳ, ಲಾಲಬಾಗಗಳ ಹಳೆಯ ಚಾಳುಗಳ ಖೋಲಿಗಳು ‘ಪಗಡಿ’ಯ ಮೇಲೆ ಕಡಿಮೆ ಬೆಲೆಗೆ ಸಿಗುವುದುಂಟು. ಪಗಡಿ ಕೊಟ್ಟವನು ಬಾಡಿಗೆದಾರನೇ ಹೊರತು ಒಡೆಯನಲ್ಲ. ಚಾಳಿನ ಮಾಲಿಕನ ಒಪ್ಪಿಗೆಯಿಲ್ಲದೆ ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟರೆ ಖೋಲಿಯನ್ನೇ ಬಿಡಬೇಕಾದ ಪ್ರಸಂಗ ಬಂದೀತು. ಬಾಡಿಗೆಯ ಆದಾಯಕ್ಕೆಂದು ಕೊಳ್ಳುವವರಿಗೆ ಅದು ತಕ್ಕುದಲ್ಲ.

ಪಾಠ 3: ಬಾಯಿಮಾತಿನ ಬಾಡಿಗೆ ಬೇಡ

1947ರ ಮುಂಬಯಿ ಬಾಡಿಗೆ ಕಾಯಿದೆ ಬಾಡಿಗೆಗಳನ್ನು ಕಟ್ಟಿಹಾಕಿದ್ದರಿಂದ ಒಡೆಯರು ಮನೆ ಕೊಡಲು ಹೆದರುತ್ತಿದ್ದರು. ಅದರ ಬದಲು ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅದರ 55ನೆಯ ಕಲಮಿನಂತೆ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಿರಲೇಬೇಕು. ನೋಂದಣಿ ಮಾಡಿಸುವ ಹೊಣೆ ಮನೆಯೊಡೆಯನದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಅಷ್ಟೇ ಅಲ್ಲ, ಬರೆದ ಕರಾರು ಇಲ್ಲದಿದ್ದಲ್ಲಿ, ಸುಳ್ಳೆಂದು ರುಜುವಾತಾಗುವ ತನಕ ಬಾಡಿಗೆದಾರ ಹೇಳಿದ ಷರತ್ತೇ ನಿಲ್ಲುತ್ತದೆ. ‘ನಮ್ಮೂರ ಹುಡುಗ, ಕಾಗದವೇಕೆ?’ ಎನ್ನುವವರು ಇದನ್ನು ಗಮನಿಸಬೇಕು. ಕಾಗದವಿದ್ದರೆ ಸ್ನೇಹವೂ ಉಳಿಯುತ್ತದೆ.

ಬಾಡಿಗೆದಾರರಿಂದ ಪಡೆದ ಡಿಪಾಜಿಟ್ಟು ಅವರದೇ ಹಣ. ಅದನ್ನು ಮನೆಖರ್ಚಿಗೆ ಬಳಸದೆ ಬ್ಯಾಂಕಿನಲ್ಲಿಡಿರಿ. ಸೊಸೈಟಿಯು ಒಡೆಯರ ವಾಸವಿಲ್ಲದ ಮನೆಗೆ ಹಾಕುವ ಶುಲ್ಕ, 2001ರ ಸರ್ಕಾರಿ ಆದೇಶದಂತೆ, ಸೇವಾಶುಲ್ಕದ ಶೇಕಡಾ 10ನ್ನು ಮೀರುವಂತಿಲ್ಲ. ಹೆಚ್ಚು ಕೇಳಿದರೆ ವಿನಯದಿಂದಲೇ ಆದೇಶವನ್ನು ತೋರಿಸಿರಿ.

ಇನ್ನೊಂದು ಮಾತು. ಈ ನಗರಕ್ಕೆ ಬಂದಾಗ ನಮ್ಮಲ್ಲಿ ಬಹುತೇಕರು ಬಾಡಿಗೆದಾರರೇ ಆಗಿದ್ದೆವು. ಭಾಷೆ ಯಾವುದು, ಜಾತಿ ಯಾವುದು, ಊಟ ಏನು ಎಂದು ಕೇಳಿಸಿಕೊಂಡು ಬಾಗಿಲಿನಿಂದಲೇ ಹಿಂದಿರುಗಿದವರು ನಮ್ಮಲ್ಲಿಯೇ ಇದ್ದಾರೆ. ಒಡೆಯರಾದ ಮೇಲೆ ಅದನ್ನು ನೆನಪಿಡುವುದು ನಮಗೆ ಶೋಭೆ. ಸಮಯಕ್ಕೆ ಬಾಡಿಗೆ ಕೊಡುವ, ಮನೆಯನ್ನು ಚೊಕ್ಕಟವಾಗಿಡುವ ಸಂಸಾರ ಸಿಕ್ಕರೆ ಐನೂರು ರೂಪಾಯಿ ಕಡಿಮೆಯಾದರೂ ಲಾಭವೇ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಅದಕ್ಕಿಂತ ಹೆಚ್ಚು ನಷ್ಟ.

ಪಾಠ 4: ಯಾವ ಹಣ ಹಾಕಬಾರದು

ಕಾಯಿಲೆ-ಕಸಾಲೆಗೆಂದು ಇಟ್ಟದ್ದು, ಮಕ್ಕಳ ಓದಿಗೆ ಮುಂದಿನ ಎರಡು ಮೂರು ವರ್ಷದಲ್ಲಿ ಬೇಕಾದದ್ದು, ನಿವೃತ್ತರ ಊಟದ ಹಣ, ಇವನ್ನು ಮನೆಗೆ ಹಾಕಬಾರದು. ಬ್ಯಾಂಕಿನ ಠೇವಣಿಯನ್ನು ಅವಸರಕ್ಕೆ ಮುರಿಯಬಹುದು. ಮನೆಯ ಒಂದು ಕೋಣೆಯನ್ನು ಮಾತ್ರ ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಲಾಗದು. ಊರಿನ ಜಮೀನನ್ನು ಅಡವಿಟ್ಟು ಇಲ್ಲಿಯ ಮನೆಗೆ ಕಂತು ಕಟ್ಟುವುದಂತೂ ಎರಡು ಕಡೆಯೂ ಕಾಲು ಜಾರುವ ಹಾದಿ. ಕೊಳ್ಳುವ ಮೊದಲು ಈ ಲೆಕ್ಕವನ್ನು ಹೆಂಡತಿಯ ಮುಂದೆ, ದುಡಿಯುವ ಮಕ್ಕಳ ಮುಂದೆ ಓದಿರಿ. ಕಂತಿನ ಭಾರ ಅವರ ಮೇಲೂ ಬೀಳುವುದರಿಂದ ಅವರ ಒಪ್ಪಿಗೆ ಬೇಕು.

ಅಭ್ಯಾಸಕ್ಕೆ

1. ನೀವು ನೋಡಿದ ಮನೆಯ ಬೆಲೆಗೆ ಎಲ್ಲ ಮೇಲುಖರ್ಚು ಸೇರಿಸಿರಿ. ಒಟ್ಟು ಎಷ್ಟು?

2. ಹನ್ನೊಂದು ತಿಂಗಳ ಬಾಡಿಗೆಯಲ್ಲಿ ಖರ್ಚು ಕಳೆಯಿರಿ. ಉಳಿದದ್ದು ಒಟ್ಟು ಬೆಲೆಯ ಶೇಕಡಾ ಎಷ್ಟು?

3. ಆರು ತಿಂಗಳು ಮನೆ ಖಾಲಿ ಇದ್ದರೆ ಕಂತನ್ನು ಯಾವ ಹಣದಿಂದ ಕಟ್ಟುವಿರಿ?

ಮೂರನೆಯ ಪ್ರಶ್ನೆಗೆ ಉತ್ತರ ಬರೆಯಲಾರದವರು ಸದ್ಯಕ್ಕೆ ಮುಂಗಡ ಕೊಡದಿರಲಿ. ಮನೆ ಎಲ್ಲಿಯೂ ಓಡಿಹೋಗುವುದಿಲ್ಲ. ಮುಂದಿನ ವರ್ಷವೂ ಮುಂಬಯಿಯಲ್ಲಿ ಮಾರುವ ಮನೆಗಳು ಇದ್ದೇ ಇರುತ್ತವೆ.